ಹಾವು ಚೇಳಿನ ಕಡಿತ ಮತ್ತು ಇಂದಿನ ತುರ್ತು ಚಿಕಿತ್ಸೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ, ಹಳೆಯ ನೆನಪುಗಳನ್ನು ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ, ನಾನು ಒಂದು ಪಾಠವನ್ನೇ ಬರೆಯುತ್ತೇನೆಂದು ಹೇಳಿದೆನು. ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವನಿಗೆ ಬೇರೆ ವಿದ್ಯೆ ತಿಳಿಯದು. ನಾನು ವೈದ್ಯನಲ್ಲ. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ, ಶಿಕ್ಷಕ ತರಬೇತಿ ಪಡೆದು, ಮಕ್ಕಳಿಗೆ ಗಣಿತ ಮತ್ತು ಸಾಮಾನ್ಯ ವಿಜ್ಞಾನವನ್ನು ಬೋಧಿಸಿದವನು. ನಿವೃತ್ತಿಯ ನಂತರ ವೈದ್ಯ ಮಿತ್ರರಿಂದ ಕೇಳಿಯೂ, ಸರ್ಕಾರದ ಚಿಕಿತ್ಸಾ ಕೈಪಿಡಿಗಳನ್ನು ಓದಿಸಿಕೊಂಡೂ ತಿಳಿದುಕೊಂಡ ಒಂದು ವಿಷಯವನ್ನು ಹಳೆಯ ವಿದ್ಯಾರ್ಥಿಗಳ ಮುಂದೆ ಇಡುತ್ತಿದ್ದೇನೆ.

ಆಸ್ಪತ್ರೆಗಳ ಪ್ರಗತಿಯ ಮಾತು ಬಂದಾಗ ನಾವು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳನ್ನೂ ಹೃದಯದ ಶಸ್ತ್ರಚಿಕಿತ್ಸೆಯನ್ನೂ ನೆನೆಯುತ್ತೇವೆ. ಅದು ಸಹಜ. ಆದರೆ ನಮ್ಮ ಸೆಟ್ಟೂರು, ಕಲ್ಯಾಣದುರ್ಗದ ಸೀಮೆ ಮಳೆ ಕಡಿಮೆಯಾದ ಕಲ್ಲುಭೂಮಿ. ಗಡಿಯಾಚೆಯ ಚಳ್ಳಕೆರೆ, ಪಾವಗಡಗಳೂ ಇದೇ ಬಗೆಯ ನೆಲ. ಇಲ್ಲಿ ಮುಂಗಾರು ಬಿದ್ದೊಡನೆ ಕಡಲೆಕಾಯಿಯ ಬಿತ್ತನೆ, ಆಮೇಲೆ ಕಳೆ, ಆಮೇಲೆ ಗಿಡ ಕೀಳುವುದು, ಬಣವೆ ಒಟ್ಟುವುದು. ಇಷ್ಟೂ ಕೆಲಸ ನೆಲಕ್ಕೆ ಬಗ್ಗಿ, ಬರಿಗಾಲಿನಲ್ಲಿ, ಬರಿಗೈಯಲ್ಲಿ ನಡೆಯುತ್ತದೆ. ಇಲಿ ಕಡಲೆಕಾಯಿಯನ್ನು ಹುಡುಕಿಕೊಂಡು ಬರುತ್ತದೆ, ಹಾವು ಇಲಿಯನ್ನು ಹುಡುಕಿಕೊಂಡು ಬರುತ್ತದೆ. ಆದುದರಿಂದ ನಮ್ಮವರ ಪಾಲಿಗೆ ತುರ್ತು ಚಿಕಿತ್ಸೆಯೆಂದರೆ ಮೊದಲು ಹಾವು, ಅನಂತರ ಚೇಳು. ಈ ಎರಡರ ಚಿಕಿತ್ಸೆಯಲ್ಲಿ ಕಳೆದ ನಲವತ್ತು ವರ್ಷಗಳಲ್ಲಿ ಆಗಿರುವ ಬದಲಾವಣೆ ಬಹಳ ದೊಡ್ಡದು. ಆ ಬದಲಾವಣೆಗೆ ಬೇಕಾದ ಸಾಮಗ್ರಿಯಾದರೋ ಬಹಳ ಚಿಕ್ಕದು. ಅದು ದೂರದ ನಗರದಲ್ಲಿಯೇ ದೊರೆಯಬೇಕೆಂದಿಲ್ಲ, ಹತ್ತಿರದ ಆಸ್ಪತ್ರೆಯಲ್ಲಿ ದೊರೆಯಬಲ್ಲದು. ಈ ಸಂಗತಿ ನಮ್ಮ ಜನರಿಗೆ ಇನ್ನೂ ಪೂರ್ಣವಾಗಿ ಮುಟ್ಟಿಲ್ಲವೆಂಬುದೇ ಈ ಪಾಠಕ್ಕೆ ಕಾರಣ.

ಮೊದಲು ಒಂದು ಅಂಕಿಯನ್ನು ನೋಡೋಣ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರ ಸಂಖ್ಯೆ ಸುಮಾರು 12 ಲಕ್ಷವೆಂದು, ಎಂದರೆ ವರ್ಷಕ್ಕೆ ಸರಾಸರಿ 58,000 ಎಂದು, 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನವು ತಿಳಿಸಿತು. ಆಸ್ಪತ್ರೆಯ ದಾಖಲೆಗಳನ್ನು ಮಾತ್ರ ನೆಚ್ಚದೆ, ಮನೆಮನೆಗೆ ಹೋಗಿ ಸಾವಿನ ಕಾರಣವನ್ನು ಕೇಳಿ ಬರೆದುಕೊಂಡ ಲೆಕ್ಕವಿದು. ಹಾಗೆ ಕೇಳಿದ್ದರಿಂದಲೇ ನಿಜವಾದ ಅಂಕಿ ಹೊರಬಂದಿತು. ಏಕೆಂದರೆ ಸತ್ತವರಲ್ಲಿ ಹೆಚ್ಚಿನವರು ಆಸ್ಪತ್ರೆಯನ್ನು ಕಾಣದೆ ಸತ್ತವರು. ಅರ್ಧದಷ್ಟು ಸಾವುಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಸಂಭವಿಸಿದ್ದವು. ನೂರಕ್ಕೆ ಸುಮಾರು ಎಪ್ಪತ್ತರಷ್ಟು ಎಂಟು ರಾಜ್ಯಗಳಿಗೆ ಸೇರಿದ್ದವು. ತೆಲಂಗಾಣವೂ ಸೇರಿದಂತೆ ಆಂಧ್ರಪ್ರದೇಶವು ಆ ಎಂಟರಲ್ಲಿ ಒಂದು.

ನಮ್ಮ ನಾಲ್ಕು ಹಾವುಗಳು

ಮನುಷ್ಯರ ಸಾವಿಗೆ ಬಹುಪಾಲು ಕಾರಣವಾಗುವ ವಿಷದ ಹಾವುಗಳು ನಾಲ್ಕು. ಗಡಿನಾಡಿನವರಾದ ನಮಗೆ ಇವುಗಳ ಹೆಸರು ಎರಡೆರಡು ಭಾಷೆಗಳಲ್ಲಿ ಗೊತ್ತು. ನಾಗರಹಾವಿಗೆ ತೆಲುಗಿನಲ್ಲಿ ನಾಗುಪಾಮು. ಕಟ್ಟುಹಾವಿಗೆ ಕಟ್ಲಪಾಮು. ಕೊಳಕುಮಂಡಲಕ್ಕೆ ರಕ್ತಪಿಂಜರ. ಗರಗಸಮಂಡಲಕ್ಕೆ ಚಿನ್ನಪಿಂಜರ. ಈ ಕಡೆಯದು ಗೇಣುದ್ದದ, ಕಲ್ಲಿನ ಬಣ್ಣದ ಪುಟ್ಟ ಹಾವು. ಮೈಯನ್ನು ಸುತ್ತಿಕೊಂಡು ಹುರುಪೆಗಳನ್ನು ಉಜ್ಜಿ ಗರಗರ ಶಬ್ದ ಮಾಡುವುದರಿಂದ ಆ ಹೆಸರು. ಚಿಕ್ಕದೆಂದು ಜನ ಅದನ್ನು ಉದಾಸೀನ ಮಾಡುತ್ತಾರೆ. ಹಾಗೆ ಮಾಡಲಾಗದು.

ಈ ನಾಲ್ಕರ ವಿಷವೂ ಒಂದೇ ಬಗೆಯಲ್ಲಿ ಕೆಲಸ ಮಾಡುವುದಿಲ್ಲ. ಎರಡು ಮಂಡಲಗಳ ವಿಷ ರಕ್ತದ ಮೇಲೆ ಎರಗುತ್ತದೆ. ಗಾಯವಾದಾಗ ರಕ್ತವು ಹೆಪ್ಪುಗಟ್ಟಲು ದೇಹದಲ್ಲಿ ಕೆಲವು ಪದಾರ್ಥಗಳಿವೆ. ಈ ವಿಷವು ಅವೆಲ್ಲವನ್ನೂ ಸುಮ್ಮನೆ ಖರ್ಚುಮಾಡಿಸಿ ಬರಿದುಮಾಡುತ್ತದೆ. ಆಮೇಲೆ ವಸಡಿನಿಂದ, ಮೂತ್ರದಲ್ಲಿ, ಹಳೆಯ ಗಾಯಗಳಿಂದ ರಕ್ತ ಸೋರತೊಡಗುತ್ತದೆ. ಕೊಳಕುಮಂಡಲವು ಇದರ ಮೇಲೆ ಮೂತ್ರಪಿಂಡಗಳನ್ನೂ ಕೆಡಿಸುತ್ತದೆ. ನಾಗರಹಾವು ಮತ್ತು ಕಟ್ಟುಹಾವುಗಳ ವಿಷ ನರ ಮತ್ತು ಸ್ನಾಯುಗಳು ಸೇರುವ ಜಾಗಕ್ಕೆ ಹೋಗುತ್ತದೆ. ಮೊದಲು ಕಣ್ಣಿನ ರೆಪ್ಪೆ ಜೋತುಬೀಳುವುದು, ಆಮೇಲೆ ಮಾತು ತೊದಲುವುದು, ನುಂಗಲಾಗದಿರುವುದು, ಕಡೆಗೆ ಉಸಿರಾಟದ ಸ್ನಾಯುಗಳೇ ನಿಲ್ಲುವುದು.

ಇವುಗಳಲ್ಲಿ ಕಟ್ಟುಹಾವಿನ ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಅದು ರಾತ್ರಿ ಸಂಚರಿಸುವ ಹಾವು. ನೆಲದ ಮೇಲೆ ಚಾಪೆ ಹಾಸಿ ಮಲಗಿದವರನ್ನು ನಿದ್ರೆಯಲ್ಲಿಯೇ ಕಚ್ಚುತ್ತದೆ. ಕಚ್ಚಿದ ಗುರುತು ಕಾಣಿಸದೆ ಹೋಗಬಹುದು, ನೋವೂ ಊತವೂ ಇಲ್ಲದಿರಬಹುದು. ನಸುಕಿನಲ್ಲಿ ಎದ್ದವನು ಹೊಟ್ಟೆನೋವೆನ್ನುತ್ತಾನೆ, ಗಂಟಲು ಕಟ್ಟಿತೆನ್ನುತ್ತಾನೆ. ಮನೆಯವರು ರಾತ್ರಿ ಉಂಡದ್ದು ಅಜೀರ್ಣವಾಯಿತೆಂದು ಓಮದ ಕಷಾಯ ಕೊಡುತ್ತಾರೆ. ಮಳೆಗಾಲದಲ್ಲಿ, ನೆಲದ ಮೇಲೆ ಮಲಗಿದ್ದವರಿಗೆ, ಬೆಳಗಿನ ಹೊತ್ತು ಹೊಟ್ಟೆನೋವಿನ ಜೊತೆಗೆ ರೆಪ್ಪೆ ಭಾರವಾದರೆ ಅದನ್ನು ಹಾವಿನ ಕಡಿತವೆಂದೇ ಶಂಕಿಸಿ ಹೊರಡಬೇಕೆಂದು ಇಂದಿನ ವೈದ್ಯರು ಹೇಳುತ್ತಾರೆ. ಸೊಳ್ಳೆಪರದೆಯನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ ಮಲಗುವುದು ಇದಕ್ಕೆ ಒಳ್ಳೆಯ ರಕ್ಷಣೆ. ಮಂಚವೂ ಆಗಬಹುದು.

ಕಟ್ಟು ಮತ್ತು ಮಂತ್ರ

ಸುಮಾರು ನಲವತ್ತು ವರ್ಷಗಳ ಹಿಂದೆ ನನ್ನ ಏಳನೆಯ ತರಗತಿಯಲ್ಲಿ ಒಬ್ಬ ಬಾಲಕನಿದ್ದನು. ಬಡ್ಡಿ ಲೆಕ್ಕವನ್ನು ಬಾಯಿಯಲ್ಲಿಯೇ ಹೇಳುವಷ್ಟು ಚುರುಕು. ಕಡಲೆಬಳ್ಳಿಯ ಬಣವೆಯಿಂದ ಎತ್ತುಗಳಿಗೆ ಮೇವನ್ನು ಎಳೆಯುವಾಗ ಒಂದು ಸಂಜೆ ಅವನ ಕೈಗೆ ಹಾವು ಕಚ್ಚಿತು. ತೋಳಿಗೆ ಹಗ್ಗವನ್ನು ಬಿಗಿದು ಪಕ್ಕದ ಊರಿನ ಮಂತ್ರವಾದಿಯ ಬಳಿಗೆ ಕರೆದೊಯ್ದರು. ರಾತ್ರಿಯೆಲ್ಲ ಬೇವಿನ ಸೊಪ್ಪು, ನೀರು, ಮಂತ್ರ. ಬೆಳಗಾಗುವಷ್ಟರಲ್ಲಿ ಕೈ ಕಪ್ಪಾಗಿತ್ತು, ವಸಡಿನಲ್ಲಿ ರಕ್ತ ಕಾಣಿಸಿತು. ಮೊದಲ ಬಸ್ಸಿಗೆ ಆಸ್ಪತ್ರೆಗೆ ಹೊರಟರು. ಅಲ್ಲಿಂದ ಇನ್ನೊಂದು ಆಸ್ಪತ್ರೆಗೆ. ಮೂರನೆಯ ದಿನ ತೀರಿಕೊಂಡನು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆಯನ್ನು ಎಳೆದವನು ನಾನೇ. ಅವನ ತಂದೆ ತಿಳಿದ ಮಟ್ಟಿಗೆ ಏನನ್ನೂ ಬಾಕಿ ಉಳಿಸಿರಲಿಲ್ಲ. ಆ ಕಾಲದಲ್ಲಿ ನಮ್ಮೂರಿನಲ್ಲಿ ಎಲ್ಲರೂ ಮಾಡುತ್ತಿದ್ದದ್ದನ್ನೇ ಅವರೂ ಮಾಡಿದರು.

ಬಿಗಿಯಾದ ಕಟ್ಟನ್ನು ಹಾಕಬೇಕೆಂದು ಹಿಂದೆ ಪಠ್ಯಪುಸ್ತಕಗಳೂ ಹೇಳುತ್ತಿದ್ದವು. ಈಗ ಅದು ಸರಿಯಲ್ಲವೆಂದು ಖಚಿತವಾಗಿದೆ. ರಕ್ತಸಂಚಾರ ನಿಂತ ಕೈಕಾಲು ಕೊಳೆಯುತ್ತದೆ. ಅಷ್ಟೇ ಅಲ್ಲ, ಕಟ್ಟನ್ನು ಒಮ್ಮೆಲೇ ಬಿಚ್ಚಿದಾಗ ಅಲ್ಲಿ ನಿಂತಿದ್ದ ವಿಷ ಒಟ್ಟಿಗೆ ಮೇಲಕ್ಕೆ ನುಗ್ಗಿ, ಬಾಗಿಲವರೆಗೆ ಚೆನ್ನಾಗಿಯೇ ಬಂದವನು ಅಲ್ಲಿಯೇ ಕುಸಿಯುವುದುಂಟು. ಆದುದರಿಂದ ಯಾರಾದರೂ ಈಗಾಗಲೇ ಬಿಗಿದಿದ್ದರೆ ದಾರಿಯಲ್ಲಿ ಕಿತ್ತೆಸೆಯದೆ, ಔಷಧ ಸಿದ್ಧವಾದ ಮೇಲೆ ವೈದ್ಯರೇ ಬಿಚ್ಚುವಂತೆ ಬಿಡಬೇಕು. ಕೊಯ್ಯುವುದು, ಬಾಯಿಂದ ಹೀರುವುದು, ಬೆಂಕಿಯಿಂದ ಸುಡುವುದು, ಮಂಜುಗಡ್ಡೆ ಇಡುವುದು ಯಾವುದೂ ಕೂಡದು. ರಕ್ತ ಹೆಪ್ಪುಗಟ್ಟದ ಮನುಷ್ಯನ ಕಾಲನ್ನು ಬ್ಲೇಡಿನಿಂದ ಕೊಯ್ದರೆ ಏನಾಗಬಹುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾಡಬೇಕಾದುದಿಷ್ಟು: ಕಚ್ಚಿಸಿಕೊಂಡವನನ್ನು ನಡೆಸಬಾರದು, ಎಲುಬು ಮುರಿದಾಗ ಮಾಡುವಂತೆ ಕೈಕಾಲಿಗೆ ಒಂದು ದಬ್ಬೆಯನ್ನು ಇಟ್ಟು ಸಡಿಲವಾಗಿ ಬಟ್ಟೆ ಸುತ್ತಬೇಕು, ಉಂಗುರ, ಬಳೆ, ಕಾಲುಂಗುರ, ಕಡಗಗಳನ್ನು ಊತ ಏರುವ ಮೊದಲೇ ತೆಗೆಯಬೇಕು. ಹಾವನ್ನು ಹುಡುಕಿ ಕೊಲ್ಲುವುದಕ್ಕೆ ಹೊತ್ತು ಕಳೆಯಬಾರದು. ನಾಲ್ಕೂ ಹಾವುಗಳಿಗೆ ಔಷಧ ಒಂದೇ ಆದ್ದರಿಂದ ವೈದ್ಯರಿಗೆ ಸತ್ತ ಹಾವು ಬೇಕಾಗಿಲ್ಲ.

ಹಾಗಾದರೆ ಮಂತ್ರದಿಂದ ಬದುಕಿದವರು ಸಾವಿರಾರು ಮಂದಿ ಇಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಇದ್ದಾರೆ, ನಾನೂ ಕಂಡಿದ್ದೇನೆ. ಆದರೆ ಇದು ತರ್ಕದ ಪ್ರಶ್ನೆ. ಕಚ್ಚುವ ಹಾವುಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ವಿಷವಿಲ್ಲದವು, ವಿಷದ ಹಾವು ಕಚ್ಚಿದರೂ ಅರ್ಧದಷ್ಟು ಸಲ ವಿಷವನ್ನು ಇಳಿಸಿರುವುದಿಲ್ಲವೆಂದು ನಮ್ಮ ದೇಶದ ಚಿಕಿತ್ಸಾ ಕೈಪಿಡಿಗಳ ಅಂದಾಜು. ಹಾಗಿದ್ದಲ್ಲಿ ನೂರು ಮಂದಿ ಮಂತ್ರವಾದಿಯ ಬಳಿಗೆ ಹೋದರೆ ಎಂಬತ್ತೈದು ಮಂದಿ ಹೇಗೂ ಬದುಕುವವರೇ. ಉಳಿದ ಹದಿನೈದು ಮಂದಿಯ ಆಯುಸ್ಸು ಆ ರಾತ್ರಿಯಲ್ಲಿ ಕಳೆದುಹೋಗುತ್ತದೆ. ಮಂತ್ರವಾದಿಯು ಮೋಸಗಾರನೆಂದು ನಾನು ಹೇಳುವುದಿಲ್ಲ. ಅವನೂ ಎಂಬತ್ತೈದನ್ನು ಎಣಿಸಿ ನಂಬಿದವನು.

ಗಾಜಿನ ನಳಿಕೆಯ ಪರೀಕ್ಷೆ

ಆಸ್ಪತ್ರೆಗೆ ಬಂದವನಿಗೆ ವಿಷ ಏರಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಮಂಡಲದ ಹಾವುಗಳಿಗೆ ಇಂದು ಎಲ್ಲೆಡೆಯೂ ಬಳಸುವ ಒಂದು ಪರೀಕ್ಷೆಯಿದೆ. ವಿಜ್ಞಾನದ ಮೇಷ್ಟರಾಗಿದ್ದ ನನಗೆ ಅದರ ಸರಳತೆಯನ್ನು ಕಂಡು ಆಶ್ಚರ್ಯವಾಯಿತು. ಶುಭ್ರವಾದ, ಒಣಗಿದ ಗಾಜಿನ ಪ್ರನಾಳವೊಂದರಲ್ಲಿ ರೋಗಿಯ ರಕ್ತವನ್ನು ಎರಡು ಮಿಲಿಲೀಟರಿನಷ್ಟು ಹಾಕಿ, ಅಲುಗಾಡಿಸದೆ ಇಪ್ಪತ್ತು ನಿಮಿಷ ನಿಲ್ಲಿಸಬೇಕು. ಆಮೇಲೆ ಒಂದೇ ಒಂದು ಸಲ ಬಾಗಿಸಬೇಕು. ರಕ್ತ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಸದ್ಯಕ್ಕೆ ಭಯವಿಲ್ಲ. ನೀರಿನಂತೆ ಹರಿದರೆ ವಿಷ ಏರಿದೆ. ಲಕ್ಷಾಂತರ ರೂಪಾಯಿಯ ಯಂತ್ರವಿಲ್ಲ, ವಿದ್ಯುತ್ತೂ ಬೇಕಾಗಿಲ್ಲ. ಆದರೆ ನಿಯಮವೊಂದಿದೆ: ನಳಿಕೆಯು ಗಾಜಿನದೇ ಆಗಿರಬೇಕು, ಪ್ಲಾಸ್ಟಿಕ್ಕಿನದಾಗಬಾರದು, ಸಾಬೂನಿನ ಪುಡಿಯಿಂದ ತೊಳೆದದ್ದೂ ಆಗಬಾರದು. ಗಾಜಿನ ಮೈ ರಕ್ತವನ್ನು ಹೆಪ್ಪುಗಟ್ಟಲು ಪ್ರಚೋದಿಸುತ್ತದೆ. ಪ್ಲಾಸ್ಟಿಕ್ಕಾಗಲಿ ಸಾಬೂನಾಗಲಿ ಇದ್ದರೆ ಒಳ್ಳೆಯ ರಕ್ತವೂ ಗಟ್ಟಿಯಾಗದೆ ಸುಳ್ಳು ಉತ್ತರ ಬರುತ್ತದೆ. ನಮ್ಮ ಶಾಲೆಯ ಬೀರುವಿನಲ್ಲಿದ್ದ ಪ್ರನಾಳಗಳನ್ನು ಮಕ್ಕಳು ಒಡೆದಾಗಲೆಲ್ಲ ಗದರಿಸುತ್ತಿದ್ದೆನು. ಆ ಗಾಜಿನ ಕೊಳವೆಗೆ ಇಂಥ ಉಪಯೋಗವಿದೆಯೆಂದು ಆಗ ಯಾರೂ ಹೇಳಿಕೊಟ್ಟಿರಲಿಲ್ಲ.

ಮೊದಲ ಪರೀಕ್ಷೆ ಸರಿಯಾಗಿ ಬಂದಿತೆಂದು ಮನೆಗೆ ಹೊರಡುವಂತಿಲ್ಲ. ವಿಷವು ನಿಧಾನವಾಗಿ ಏರಬಹುದಾದುದರಿಂದ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿ, ಏನೂ ಲಕ್ಷಣವಿಲ್ಲದವರನ್ನೂ 24 ಗಂಟೆಗಳ ಕಾಲ ಇರಿಸಿಕೊಳ್ಳುವುದು ಈಗಿನ ಪದ್ಧತಿ. ‘ಡಾಕ್ಟರು ಏನೂ ಕೊಡದೆ ಸುಮ್ಮನೆ ಮಲಗಿಸಿದ್ದಾರೆ’ ಎಂದು ಬಂಧುಗಳು ಜಗಳವಾಡುವುದನ್ನು ನಾನು ಕೇಳಿದ್ದೇನೆ. ಸುಮ್ಮನೆ ಮಲಗಿಸಿ ನೋಡುವುದೂ ಚಿಕಿತ್ಸೆಯೇ.

ಪ್ರತಿವಿಷದ ಲೆಕ್ಕ

ಆಸ್ಪತ್ರೆಯವರು ಎ.ಎಸ್.ವಿ. ಎಂದು ಕರೆಯುವ ಪ್ರತಿವಿಷದ ತತ್ತ್ವ ಹಳೆಯದು. 19ನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಎಂಬ ವಿಜ್ಞಾನಿ ಅದನ್ನು ಸಿದ್ಧಪಡಿಸಿದನು. ಕುದುರೆಗೆ ವಿಷವನ್ನು ಅಲ್ಪಸ್ವಲ್ಪವಾಗಿ ಚುಚ್ಚುತ್ತ ಹೋದರೆ ಅದರ ರಕ್ತದಲ್ಲಿ ವಿಷವನ್ನು ಹಿಡಿದುಹಾಕುವ ಪದಾರ್ಥಗಳು ಹುಟ್ಟುತ್ತವೆ; ಅವನ್ನು ಬೇರ್ಪಡಿಸಿ ಶುದ್ಧಮಾಡಿದ್ದೇ ಪ್ರತಿವಿಷ. ಭಾರತದಲ್ಲಿ ನಾಲ್ಕು ಹಾವುಗಳಿಗೂ ಸೇರಿ ಒಂದೇ ಔಷಧವನ್ನು ತಯಾರಿಸುತ್ತಾರೆ. ಒಣಪುಡಿಯ ರೂಪದಲ್ಲಿಯೂ ಬರುವುದರಿಂದ, ವಿದ್ಯುತ್ತು ಹೋಗಿಬರುವ ಹಳ್ಳಿಯ ಆಸ್ಪತ್ರೆಯಲ್ಲಿಯೂ ಇಟ್ಟುಕೊಳ್ಳಬಹುದು.

ಎಷ್ಟು ಕೊಡಬೇಕು? ಇಲ್ಲಿ ಒಂದು ಸೊಗಸಾದ ಲೆಕ್ಕವಿದೆ. ಕೊಳಕುಮಂಡಲವು ಒಂದು ಕಡಿತದಲ್ಲಿ ಸರಾಸರಿ 63 ಮಿಲಿಗ್ರಾಂ ವಿಷವನ್ನು ಇಳಿಸುತ್ತದೆ. ಪ್ರತಿವಿಷದ ಒಂದು ಮಿಲಿಲೀಟರು 0.6 ಮಿಲಿಗ್ರಾಂ ವಿಷವನ್ನು ನಿಷ್ಫಲಗೊಳಿಸುತ್ತದೆ. ಒಂದು ಸೀಸೆಯಲ್ಲಿ ಹತ್ತು ಮಿಲಿಲೀಟರು, ಎಂದರೆ ಆರು ಮಿಲಿಗ್ರಾಂ ವಿಷಕ್ಕೆ ಉತ್ತರ. ಹಾಗಾದರೆ ಸುಮಾರು ಹತ್ತು ಸೀಸೆಗಳು ಬೇಕು. ಮೊದಲ ಪ್ರಮಾಣ ಹತ್ತು ಸೀಸೆಗಳೆಂದು ಇರುವುದು ಈ ಲೆಕ್ಕದಿಂದಲೇ. ಇನ್ನು ಐದು ವರ್ಷದ ಮಗುವಿಗೆ ಎಷ್ಟು? ಅರ್ಧವೆಂದು ನನ್ನ ವಿದ್ಯಾರ್ಥಿಗಳು ಹೇಳಿಯಾರು. ತಪ್ಪು, ಮಗುವಿಗೂ ಹತ್ತೇ. ಹಾವು ಮಗುವೆಂದು ನೋಡಿ ಕಡಿಮೆ ವಿಷ ಹಾಕುವುದಿಲ್ಲ. ಪ್ರತಿವಿಷವು ಎದುರಿಸಬೇಕಾದುದು ವಿಷದ ತೂಕವನ್ನು, ರೋಗಿಯ ತೂಕವನ್ನಲ್ಲ. ಅದನ್ನು ನರದ ಮೂಲಕವೇ ಕೊಡಬೇಕು, ಕಚ್ಚಿದ ಜಾಗಕ್ಕೆ ಚುಚ್ಚಬಾರದು.

ಹತ್ತು ಸೀಸೆ ಕೊಟ್ಟೊಡನೆ ರಕ್ತ ಹೆಪ್ಪುಗಟ್ಟುವುದಿಲ್ಲ. ಖರ್ಚಾಗಿಹೋದ ಪದಾರ್ಥಗಳನ್ನು ಯಕೃತ್ತು ಮತ್ತೆ ತಯಾರಿಸಲು ಸುಮಾರು ಆರು ಗಂಟೆ ಬೇಕು. ಆದುದರಿಂದ ಆರು ಗಂಟೆಯ ನಂತರ ಮತ್ತೆ ಗಾಜಿನ ನಳಿಕೆಯ ಪರೀಕ್ಷೆ. ಇನ್ನೂ ನೀರಾಗಿದ್ದರೆ ಮತ್ತೆ ಔಷಧ. ಕುದುರೆಯಿಂದ ಬಂದ ಪದಾರ್ಥವಾದುದರಿಂದ ಕೆಲವರಿಗೆ ಒಗ್ಗದೆ ಮೈಮೇಲೆ ದದ್ದು, ನಡುಕ, ಉಸಿರುಗಟ್ಟುವಿಕೆ ಕಾಣಿಸಬಹುದು. ಹಿಂದಿನ ಕಾಲದ ಕೆಲವು ವೈದ್ಯರು ಇದಕ್ಕೆ ಹೆದರಿಯೇ ಔಷಧವನ್ನು ಮುಟ್ಟದೆ ರೋಗಿಯನ್ನು ಮುಂದಿನ ಊರಿಗೆ ಸಾಗಹಾಕುತ್ತಿದ್ದರು. ಈಗ ಅಡ್ರಿನಲಿನ್ ಚುಚ್ಚುಮದ್ದನ್ನು ಪಕ್ಕದಲ್ಲಿ ಸಿದ್ಧವಾಗಿಟ್ಟುಕೊಂಡು ಆರಂಭಿಸಬೇಕೆಂಬುದು ನಿಯಮ.

ನಾಗರಹಾವಿನ ಕಡಿತಕ್ಕೆ ಪ್ರತಿವಿಷದೊಡನೆ ನಿಯೋಸ್ಟಿಗ್ಮಿನ್ ಎಂಬ ಇನ್ನೊಂದು ಔಷಧವೂ ಸಹಾಯಕ. ಕಟ್ಟುಹಾವಿನ ವಿಷವಾದರೋ ನರದ ತುದಿಯನ್ನೇ ಕೆಡಿಸುವುದರಿಂದ, ಕೆಟ್ಟ ಮೇಲೆ ಕೊಟ್ಟ ಔಷಧಕ್ಕೆ ಹೆಚ್ಚಿನ ಬಲವಿಲ್ಲ. ಅಂಥವರಿಗೆ ಬೇಕಾದುದು ಉಸಿರು. ಕೃತಕ ಉಸಿರಾಟದ ಯಂತ್ರದ ಮೇಲೆ ಕೆಲವು ದಿನಗಳಿದ್ದರೆ ನರದ ತುದಿಗಳು ಮತ್ತೆ ಬೆಳೆದು ಮನುಷ್ಯ ಮೊದಲಿನಂತೆಯೇ ಆಗುತ್ತಾನೆ. ಯಂತ್ರವಿರುವ ಊರು ತಲುಪುವವರೆಗೆ ಕೈಯಿಂದ ಒತ್ತುವ ರಬ್ಬರಿನ ಚೀಲವೊಂದು ಸಾಕು. ಕಣ್ಣು ತೆರೆಯದ, ಕೈ ಅಲುಗಿಸದ ಮನುಷ್ಯ ಸತ್ತಂತೆಯೇ ಕಾಣುತ್ತಾನೆ. ಅವನಿಗೆ ಎಲ್ಲವೂ ಕೇಳಿಸುತ್ತಿರಬಹುದು. ಬಂಧುಗಳು ಅವನ ಮುಂದೆ ಅಳುವುದನ್ನು ಬಿಟ್ಟು ಆ ಚೀಲವನ್ನು ಸರದಿಯ ಮೇಲೆ ಒತ್ತಬೇಕಾಗಿ ಬರಬಹುದು.

ಪ್ರತಿವಿಷದ ಒಂದು ಕೊರತೆಯನ್ನೂ ಹೇಳಬೇಕು. ಅದಕ್ಕೆ ಬೇಕಾದ ವಿಷವನ್ನು ಬಹುಕಾಲದಿಂದ ಒದಗಿಸುತ್ತಿರುವವರು ತಮಿಳುನಾಡಿನ ಇರುಳರು. 1978ರಲ್ಲಿ ಮದರಾಸಿನ ಸಮೀಪ ಸ್ಥಾಪನೆಯಾದ ಅವರ ಸಹಕಾರ ಸಂಘವು ಹಾವು ಹಿಡಿಯುವ ಕುಲವಿದ್ಯೆಯನ್ನು ಪ್ರಾಣ ಉಳಿಸುವ ಕಸುಬನ್ನಾಗಿ ಮಾಡಿತು. ಆ ಸಮುದಾಯದ ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ನನಗೆ ಬಹಳ ಸಂತೋಷವನ್ನುಂಟುಮಾಡಿತು. ಆದರೆ ಒಂದೇ ಜಾತಿಯ ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ಬೇರೆಯಾಗಿರುತ್ತದೆಯೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗಾರ್ ಅವರ ತಂಡ ತೋರಿಸಿದೆ. ಕರಾವಳಿಯ ಹಾವಿನಿಂದ ತಯಾರಾದ ಔಷಧವು ಬೇರೆ ಸೀಮೆಯ ಹಾವಿಗೆ ಅಷ್ಟೇ ಚೆನ್ನಾಗಿ ತಾಗದಿರಬಹುದು. ಕುದುರೆಯ ನೆರವಿಲ್ಲದೆ, ಹಲವು ಹಾವುಗಳ ನರವಿಷಕ್ಕೆ ಒಟ್ಟಿಗೆ ಉತ್ತರವಾಗಬಲ್ಲ ಪ್ರತಿಕಾಯವೊಂದನ್ನು ಇದೇ ತಂಡವು ಅಮೆರಿಕದ ವಿಜ್ಞಾನಿಗಳೊಡನೆ ರೂಪಿಸಿ ಇಲಿಗಳ ಮೇಲೆ ಪರೀಕ್ಷಿಸಿರುವುದನ್ನು 2024ರಲ್ಲಿ ಪ್ರಕಟಿಸಿತು. ನುಂಗುವ ಗುಳಿಗೆಯೊಂದರ ಪರೀಕ್ಷೆಯೂ ಭಾರತದ ಆಸ್ಪತ್ರೆಗಳಲ್ಲಿ ನಡೆದಿದೆ. ಇವೆಲ್ಲ ನಾಳಿನ ಮಾತು. ಇಂದಿಗೆ ಆ ಹತ್ತು ಸೀಸೆಗಳೇ ಗತಿ.

ಕೆಂಪು ಚೇಳು

ಕರಿಯ ಚೇಳು ನೋಡಲು ಭಯಂಕರ, ಕುಟುಕಿದರೆ ಉರಿ, ಅಷ್ಟೇ. ಕಲ್ಲುಸಂದಿಯ ಸಣ್ಣ ಕೆಂಪು ಚೇಳೇ ಅಪಾಯಕಾರಿ, ಅದರಲ್ಲಿಯೂ ಮಕ್ಕಳಿಗೆ. ಅದರ ವಿಷವು ದೇಹದ ಉದ್ರೇಕದ ರಸಗಳನ್ನು ಒಮ್ಮೆಲೇ ಸುರಿಸುತ್ತದೆ. ಮೈಯೆಲ್ಲ ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು, ರಕ್ತದೊತ್ತಡ ಏರುವುದು. ಆಮೇಲೆ ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿ, ಕೆಂಪು ಮಿಶ್ರಿತ ನೊರೆ ಕೆಮ್ಮುವುದು. ಇಲ್ಲಿ ನೋವು ದೊಡ್ಡ ಗುರುತಲ್ಲ. ನೋವು ಹೆಚ್ಚಾಗಿದ್ದು ಮೈ ಬೆಚ್ಚಗಿದ್ದರೆ ಭಯ ಕಡಿಮೆ. ನೋವು ಅಷ್ಟಿಲ್ಲದೆ ಬೆವರು, ತಂಪು, ವಾಂತಿ ಇದ್ದರೆ ಕೂಡಲೇ ಹೊರಡಬೇಕು.

ಇದಕ್ಕೆ ಉತ್ತರವನ್ನು ಕಂಡವರು ಒಬ್ಬ ಹಳ್ಳಿಯ ವೈದ್ಯರೆಂಬುದು ಈ ಪಾಠದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ. ಮಹಾರಾಷ್ಟ್ರದ ಕೊಂಕಣದಲ್ಲಿ ಮಹಾಡ್ ಎಂಬ ಊರಿದೆ. 1970ರ ದಶಕದಲ್ಲಿ ಅದರ ಸಮೀಪದ ಬಿರವಾಡಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದ ಡಾ. ಹಿಮ್ಮತರಾವ್ ಬಾವಸ್ಕರ್ ಎಂಬ ತರುಣರು, ಚೇಳು ಕುಟುಕಿ ಬಂದವರ ಪಕ್ಕದಲ್ಲಿ ರಾತ್ರಿಯಿಡೀ ಕುಳಿತು ನಾಡಿ, ರಕ್ತದೊತ್ತಡ, ಬೆವರು ಎಲ್ಲವನ್ನೂ ಬರೆದಿಟ್ಟುಕೊಂಡರು. 1982ರಲ್ಲಿ ಅವರ ಬರಹವು ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ರಕ್ತದೊತ್ತಡಕ್ಕೆ ಬಳಸುತ್ತಿದ್ದ ಪ್ರಜೋಸಿನ್ ಎಂಬ ಅಗ್ಗದ ಗುಳಿಗೆಯು ಈ ಉದ್ರೇಕದ ರಸಗಳಿಗೆ ನೇರವಾದ ತಡೆಯೆಂದು ಅವರು ಯೋಚಿಸಿ ಬಳಸಿದರು. ತೀವ್ರವಾಗಿ ವಿಷವೇರಿದವರಲ್ಲಿ ನೂರಕ್ಕೆ 25, 30ರಷ್ಟಿದ್ದ ಸಾವು ಆ ಗುಳಿಗೆಯ ಬಳಕೆಯ ಮೇಲೆ ಒಂದೆರಡಕ್ಕೆ ಇಳಿಯಿತು. 2011ರಲ್ಲಿ 70 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ಗುಳಿಗೆಯ ಜೊತೆಗೆ ಚೇಳಿನ ಪ್ರತಿವಿಷವನ್ನೂ ಕೊಟ್ಟರೆ ಇನ್ನೂ ಬೇಗ ಗುಣವಾಗುತ್ತದೆಯೆಂದು ತೋರಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ದೊಡ್ಡ ಪ್ರಯೋಗಾಲಯವಿಲ್ಲದೆ, ಒಂದು ನೋಟುಬುಕ್ಕಿನಿಂದ ಆದ ಕೆಲಸವಿದು. ಆದರೆ ಓದುಗರು ಈ ಗುಳಿಗೆಯನ್ನು ಅಂಗಡಿಯಿಂದ ತಂದು ಮನೆಯಲ್ಲಿಟ್ಟುಕೊಳ್ಳಬಾರದು. ರಕ್ತದೊತ್ತಡವನ್ನು ನೋಡಿ, ಮಲಗಿಸಿ, ಅಳತೆಯಿಂದ ಕೊಡಬೇಕಾದುದು.

ದಾರಿಯ ಪ್ರಶ್ನೆ

ಔಷಧವಿದೆ, ಪರೀಕ್ಷೆಯಿದೆ. ಇನ್ನುಳಿದುದು ಹೊಲದಿಂದ ಸೂಜಿಯವರೆಗಿನ ದಾರಿ. ಅವಿಭಕ್ತ ಆಂಧ್ರದಲ್ಲಿ 108 ವಾಹನ ಸೇವೆ ಆರಂಭವಾದದ್ದು 2005ರ ಆಗಸ್ಟ್ 15ರಂದು, ಕರ್ನಾಟಕದಲ್ಲಿ 2008ರಲ್ಲಿ. ತುರ್ತು ಚಿಕಿತ್ಸೆಯನ್ನು ಒಂದು ಪ್ರತ್ಯೇಕ ಉನ್ನತ ವ್ಯಾಸಂಗದ ವಿಷಯವಾಗಿ ಭಾರತೀಯ ವೈದ್ಯಕೀಯ ಪರಿಷತ್ತು ಅಂಗೀಕರಿಸಿದ್ದು 2009ರಲ್ಲಿ. ಅದಕ್ಕೆ ಮೊದಲು ಅಪಘಾತ ವಿಭಾಗದಲ್ಲಿ ರಾತ್ರಿ ಕೂರುತ್ತಿದ್ದವರು ಸಾಮಾನ್ಯವಾಗಿ ಎಲ್ಲರಿಗಿಂತ ಕಿರಿಯ ವೈದ್ಯರು. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯವೆಂದು ಘೋಷಿಸಿತು. ಮರುತಿಂಗಳು ಕೇಂದ್ರ ಸರ್ಕಾರವು 2030ರೊಳಗೆ ಈ ಸಾವುಗಳನ್ನು ಅರ್ಧಕ್ಕೆ ಇಳಿಸುವ ಯೋಜನೆಯನ್ನು ಹೊರಡಿಸಿತು. ಲೆಕ್ಕ ಬರೆದರೆ ತಾನೆ ಯಾವ ಆಸ್ಪತ್ರೆಗೆ ಎಷ್ಟು ಸೀಸೆ ಬೇಕೆಂದು ತಿಳಿಯುವುದು.

ಕಡಲೆಕಾಯಿ ಹೊಲದ ಕಾಲುದಾರಿಗೆ 108 ಬಾರದಿದ್ದರೆ ಏನು ಮಾಡಬೇಕು? ನೇಪಾಳದ ತರಾಯಿ ಪ್ರದೇಶದ ದಮಕ್ ಎಂಬಲ್ಲಿ ಇದಕ್ಕೊಂದು ಉತ್ತರ ಕಂಡುಕೊಂಡಿದ್ದಾರೆ. ಹಳ್ಳಿಗಳಲ್ಲಿ ಮೋಟಾರು ಸೈಕಲ್ ಉಳ್ಳ ಸ್ವಯಂಸೇವಕರನ್ನು ಮೊದಲೇ ಗೊತ್ತುಮಾಡಿ, ಕಚ್ಚಿಸಿಕೊಂಡವನನ್ನು ಸವಾರನಿಗೂ ಹಿಂದೆ ಹಿಡಿದುಕೊಳ್ಳುವ ಇನ್ನೊಬ್ಬನಿಗೂ ನಡುವೆ ಕೂರಿಸಿ ನೇರವಾಗಿ ಪ್ರತಿವಿಷವಿರುವ ಕೇಂದ್ರಕ್ಕೆ ಒಯ್ಯುವ ಏರ್ಪಾಡು ಮಾಡಿದರು. ಜೊತೆಗೆ ಊರೂರಿಗೂ ತಿಳಿವಳಿಕೆ ಕೊಟ್ಟರು. ಕಚ್ಚಿಸಿಕೊಂಡವರಲ್ಲಿ ನೂರಕ್ಕೆ ಹತ್ತರಷ್ಟಿದ್ದ ಸಾವು ಒಂದಕ್ಕಿಂತ ಕೆಳಗೆ ಇಳಿಯಿತು. ಹೊಸ ಔಷಧವಿಲ್ಲ, ಹೊಸ ಕಟ್ಟಡವಿಲ್ಲ. ನಮ್ಮ ಊರುಗಳಲ್ಲಿ ಈಗ ಮೋಟಾರು ಸೈಕಲ್ ಇಲ್ಲದ ಬೀದಿಯೇ ಇಲ್ಲ.

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಮೊದಲ ಪ್ರಮಾಣವನ್ನು ಆರಂಭಿಸಿಕೊಳ್ಳುವುದು, ಮೂತ್ರಪಿಂಡವೋ ಉಸಿರೋ ತೊಂದರೆಗೊಳಗಾದರೆ ಅಲ್ಲಿಂದ ಕಲ್ಯಾಣದುರ್ಗಕ್ಕೋ ಅನಂತಪುರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಗ್ರಾಮೀಣಾಭಿವೃದ್ಧಿ ಟ್ರಸ್ಟಿನ ಬತ್ತಲಪಲ್ಲಿ ಆಸ್ಪತ್ರೆಗೋ ಮುಂದುವರಿಯುವುದು ಉಚಿತವಾದ ಕ್ರಮ. ಔಷಧವಿರುವ ಚಿಕ್ಕ ಆಸ್ಪತ್ರೆಯನ್ನು ದಾಟಿಕೊಂಡು ದೊಡ್ಡದಕ್ಕೆ ಓಡುವುದು ಈಚಿನ ದಿನಗಳಲ್ಲಿ ಹಣವಂತರು ಮಾಡುವ ಕೆಲಸ; ಮಂತ್ರವಾದಿಯ ಅಂಗಳದಲ್ಲಿ ರಾತ್ರಿ ಕಳೆಯುವುದಕ್ಕೂ ಇದಕ್ಕೂ ವ್ಯತ್ಯಾಸ ಬಹಳವಿಲ್ಲ. ಮುಂಗಾರಿಗೆ ಮೊದಲು, ಪ್ರತಿವಿಷ ಎಷ್ಟು ಸೀಸೆ ಇದೆಯೆಂದು ಊರಿನ ನಾಲ್ಕು ಮಂದಿ ಹೋಗಿ ಆರೋಗ್ಯ ಕೇಂದ್ರದಲ್ಲಿ ವಿನಯದಿಂದ ವಿಚಾರಿಸಿ ಬರಬಹುದು. ಬೀಜ ಗೊಬ್ಬರದ ದಾಸ್ತಾನನ್ನು ಹಾಗೆಯೇ ವಿಚಾರಿಸುತ್ತೇವಲ್ಲವೇ?

ನಮ್ಮ ಕಡೆ ಇನ್ನೊಂದು ತೊಡಕುಂಟು. ವೈದ್ಯರು ತೆಲುಗಿನಲ್ಲಿ ಕೇಳುತ್ತಾರೆ, ರೋಗಿ ಕನ್ನಡದಲ್ಲಿ ನರಳುತ್ತಾನೆ, ಚೀಟಿ ಇಂಗ್ಲಿಷಿನಲ್ಲಿರುತ್ತದೆ. ಆತುರದಲ್ಲಿ ಬಂದ ನೆಂಟರು ಹತ್ತು ಮಂದಿ ಹತ್ತು ವೇಳೆಯನ್ನು ಹೇಳುತ್ತಾರೆ. ಆದುದರಿಂದ ಹೊರಡುವಾಗಲೇ ಒಂದು ಕಾಗದದಲ್ಲಿ ಬರೆದುಕೊಂಡು ಹೋಗುವ ಅಭ್ಯಾಸವನ್ನು ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಗಳಲ್ಲಿ ಕಲಿಸಬೇಕೆಂದು ಕೇಳಿಕೊಳ್ಳುತ್ತೇನೆ: ಕಚ್ಚಿದ್ದು ಎಷ್ಟು ಗಂಟೆಗೆ, ಮೈಯ ಯಾವ ಭಾಗಕ್ಕೆ, ಮೊದಲು ವಾಂತಿಯಾದದ್ದು ಎಷ್ಟು ಹೊತ್ತಿಗೆ, ರೆಪ್ಪೆ ಜೋತದ್ದು ಎಷ್ಟು ಹೊತ್ತಿಗೆ, ಕಟ್ಟು ಹಾಕಿದ್ದರೆ ಯಾವಾಗ, ನಾಟಿ ಔಷಧ ಕೊಟ್ಟಿದ್ದರೆ ಏನನ್ನು. ಊತದ ಅಂಚಿಗೆ ಮೈಮೇಲೆಯೇ ಪೆನ್ನಿನಿಂದ ಒಂದು ಗೆರೆ ಎಳೆದು ಅದರ ಪಕ್ಕದಲ್ಲಿ ವೇಳೆಯನ್ನು ಬರೆದರೆ, ಊತ ಎಷ್ಟು ವೇಗವಾಗಿ ಏರುತ್ತಿದೆಯೆಂದು ವೈದ್ಯರಿಗೆ ಒಂದೇ ನೋಟದಲ್ಲಿ ತಿಳಿಯುತ್ತದೆ. ವೇಳೆಯನ್ನು ಮಾತ್ರ ಇಂಗ್ಲಿಷ್ ಅಂಕಿಗಳಲ್ಲಿಯೇ ಬರೆಯಿರಿ. ಕನ್ನಡ ಅಂಕಿಗಳನ್ನು ನಾನು ನಿಮಗೆಲ್ಲ ಕಿವಿ ಹಿಂಡಿ ಕಲಿಸಿದ್ದೇನೆ, ನಿಜ. ಆದರೆ ಅವನ್ನು ಓದಬಲ್ಲ ಡಾಕ್ಟರು ಅನಂತಪುರದಲ್ಲಿ ರಾತ್ರಿ ಎರಡು ಗಂಟೆಗೆ ಸಿಗುವುದು ಕಷ್ಟ.